ಎಲ್ಲಿ ಮುರೀತದ?

ನಮ್ಮ ಸರ್ ಎರಡು ಸಲ ನಿವೃತ್ತರಾದರು. ಮೊದಲ ಸಲ ಭಾಲ್ಕಿಯ ಕಾಲೇಜಿನ ಅಂಗಳದಲ್ಲಿ ಶಾಮಿಯಾನ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಎರಡನೆಯ ಸಲ ಯಾರಿಗೂ ಗೊತ್ತಾಗಲಿಲ್ಲ. ಪಾಠ ಮುಗಿಸಿ, ಕೈಗೆ ಹತ್ತಿದ ಸೀಮೆಸುಣ್ಣವನ್ನು ನಲ್ಲಿಯ ಕೆಳಗೆ ತೊಳೆದುಕೊಂಡು, ಎಂದಿನಂತೆ ಬೀದರ ಬಸ್ಸು ಹತ್ತಿದರು. ಮರುವಾರ ಬೀದರ ಪಕ್ಕದ ನೌಬಾದದ ಬಾಡಿಗೆ ಮನೆ ಖಾಲಿ ಮಾಡಿ ಔರಾದ ಕಡೆಯ ತಮ್ಮ ಹಳ್ಳಿಗೆ ಹೋದರು. ಈ ಎರಡು ನಿವೃತ್ತಿಗಳ ನಡುವಿನ ಒಂದು ವರ್ಷದಲ್ಲಿ ನನಗೂ ಪಾಲಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಹಾಕಿದರೆ ಅವರಿಗೆ ಸಂಕೋಚ, ನನಗೂ.

ಅವರು ಪಿಯು ತರಗತಿಗೆ ಜೀವಶಾಸ್ತ್ರ ಹೇಳುತ್ತಿದ್ದರು. ಎತ್ತರದ, ಬಡಕಲು ಮೈ. ಬೂದಿ ಬಣ್ಣದ ತುಂಬುತೋಳಿನ ಅಂಗಿ. ಅದೇ ಬಣ್ಣದ ಅಂಗಿಗಳು ಹಲವಿದ್ದವೋ, ಇದ್ದದ್ದೇ ಒಂದೋ ಎಂದು ನಾವು ಹುಡುಗಿಯರು ವಾದ ಮಾಡುತ್ತಿದ್ದೆವು. ಬಲಗಡೆಯ ಜೇಬಿನಲ್ಲಿ ಯಾವಾಗಲೂ ಸಿಪ್ಪೆ ಸಮೇತ ಹುರಿದ ಶೇಂಗಾ. ಅವರು ವರಾಂಡದಲ್ಲಿ ನಡೆದು ಬಂದರೆ ಶೇಂಗಾದ ಸಣ್ಣ ಸದ್ದು ಮುಂದೆ ಬರುತ್ತಿತ್ತು.

ಶೇಂಗಾ ತಿನ್ನಲಿಕ್ಕಲ್ಲ, ಕೊಡಲಿಕ್ಕೆ. ಯಾವ ಪಾಠವಿದ್ದರೂ ಸರ್ ಒಂದು ಹೋಲಿಕೆಯಿಂದ ಶುರು ಮಾಡುತ್ತಿದ್ದರು. ಹೋಲಿಕೆಯನ್ನು ಚೆನ್ನಾಗಿ ಕಟ್ಟಿ, ನಮಗೆಲ್ಲ ಅದು ಒಪ್ಪಿಗೆಯಾಗಿ, ನಾವು ತಲೆಯಾಡಿಸಲು ತೊಡಗಿದಾಗ ಸೀಮೆಸುಣ್ಣ ಕೆಳಗಿಟ್ಟು ಕೇಳುತ್ತಿದ್ದರು.

"ಈಗ ಹೇಳ್ರಿ, ಎಲ್ಲಿ ಮುರೀತದ?"

ಹೋಲಿಕೆ ಎಲ್ಲಿ ಹೊಂದುವುದಿಲ್ಲ ಎಂದು ತೋರಿಸಿದವರಿಗೆ ಒಂದು ಶೇಂಗಾ. ಹೃದಯದ ಪಾಠದ ದಿನ ನನಗಿನ್ನೂ ನೆನಪಿದೆ. "ಹೃದಯ ಅಂದ್ರ ಬಾವಿ ಮ್ಯಾಲಿನ ಮೋಟರ್ ಇದ್ದಂಗ," ಎಂದು ಅರ್ಧ ತಾಸು ಹೇಳಿ, ಕೇಳಿದರು. ಒಬ್ಬಳು ಎದ್ದು, "ಸರ್, ಕರೆಂಟ್ ಹೋದ್ರ ಮೋಟರ್ ನಿಲ್ತದ. ಹೃದಯ ಕರೆಂಟ್ ತಾನೇ ತಯಾರ್ ಮಾಡ್ಕೋತದ್ರಿ," ಎಂದಳು. ಅವಳಿಗೆ ಶೇಂಗಾ ಸಿಕ್ಕಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಕೂತಲ್ಲಿಂದಲೇ, "ಸರ್, ನಮ್ಮೂರಾಗ ಮೋಟರ್ ನಿಂತ್ರ ನಮ್ಮಪ್ಪನ ಹೃದಯಾನೂ ನಿಲ್ತದ್ರಿ," ಎಂದ. ಎಲ್ಲರೂ ನಕ್ಕರು. ಸರ್ ಅವನ ಹತ್ತಿರ ಹೋಗಿ, ಶೇಂಗಾ ಸುಲಿದು ಕಾಳನ್ನು ತಮ್ಮ ಬಾಯಿಗೆ ಹಾಕಿಕೊಂಡು, ಸಿಪ್ಪೆಯನ್ನು ಅವನ ಕೈಯಲ್ಲಿಟ್ಟರು. "ಉತ್ತರದಾಗ ಕಾಳಿಲ್ಲ ತಮ್ಮಾ. ಆದ್ರ ನಗಿಸ್ದಿ, ಸಿಪ್ಪಿ ತಗೋ."

ಕಾಲೇಜಿನಲ್ಲಿ ಅವರನ್ನು 'ಮುರಿಯೋ ಸರ್' ಎಂದೇ ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ನಾನು ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಉತ್ತರ ಗೊತ್ತಿದ್ದರೂ ಎದ್ದು ಹೇಳುತ್ತಿರಲಿಲ್ಲ. ಸರ್ ಅದನ್ನು ಯಾವಾಗ ಗಮನಿಸಿದರೋ ತಿಳಿಯದು. ಪ್ರಶ್ನೆ ಕೇಳಿದ ಮೇಲೆ ಬೆಂಚುಗಳ ನಡುವೆ ನಡೆಯುವುದು ಅವರ ರೂಢಿ. ನನ್ನ ಬೆಂಚಿನ ಪಕ್ಕದಲ್ಲಿ ನಡಿಗೆ ನಿಧಾನವಾಗುತ್ತಿತ್ತು. ನನ್ನ ಕಡೆ ನೋಡುತ್ತಿರಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಮೆಲ್ಲಗೆ ಹೇಳಿದ್ದನ್ನು ಕೇಳಿಸಿಕೊಂಡು ಮುಂದೆ ಹೋಗಿ, "ಈ ಕಡಿಂದ ಒಂದ್ ಉತ್ತರ ಬಂದದ," ಎಂದು ಇಡೀ ತರಗತಿಗೆ ಹೇಳುತ್ತಿದ್ದರು. ಯಾರ ಉತ್ತರ ಎಂದು ಹೇಳುತ್ತಿರಲಿಲ್ಲ. ಅವರು ವಾಪಸು ಹಾದು ಹೋದ ಮೇಲೆ ನನ್ನ ಪುಸ್ತಕದ ಪಕ್ಕದಲ್ಲಿ ಒಂದು ಶೇಂಗಾ ಇರುತ್ತಿತ್ತು. ಎರಡು ವರ್ಷದಲ್ಲಿ ಅವರು ಒಮ್ಮೆಯೂ ನನ್ನನ್ನು ಎಬ್ಬಿಸಿ ನಿಲ್ಲಿಸಲಿಲ್ಲ. ಇದು ಎಷ್ಟು ದೊಡ್ಡ ಉಪಕಾರವೆಂದು ಮಾತು ಬಲ್ಲವರಿಗೆ ತಿಳಿಯುವುದು ಕಷ್ಟ.

ಇನ್ನೊಂದು ರೂಢಿಯೂ ಇತ್ತು. ಬೋರ್ಡಿನ ಮೇಲೆ ಚಿತ್ರ ಬರೆದ ಮೇಲೆ ಅದನ್ನು ಕಡೆಯ ಬೆಂಚಿನ ಹಿಂದೆ ನಿಂತು ಒಮ್ಮೆ ನೋಡುತ್ತಿದ್ದರು. ಆಮೇಲೆ ಕಡೆಯ ಬೆಂಚಿನವರನ್ನು ಮುಂದೆ ಕರೆದು ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿ ಎನ್ನುತ್ತಿದ್ದರು. ದೂರದಲ್ಲಿದ್ದವರು ಹತ್ತಿರದಿಂದ, ಹತ್ತಿರದಲ್ಲಿದ್ದವರು ದೂರದಿಂದ. "ಒಂದೇ ಕಡಿ ನಿಂತು ನೋಡಿದ್ರ ಅರ್ಧ ಕಾಣ್ತದ. ಎದ್ದು ಅಡ್ಡಾಡ್ರಿ," ಎನ್ನುತ್ತಿದ್ದರು. ಪಕ್ಕದ ಕೋಣೆಯ ಗಣಿತದ ಸರ್‌ಗೆ ಈ ಅಡ್ಡಾಟದ ಗದ್ದಲ ಹಿಡಿಸುತ್ತಿರಲಿಲ್ಲ. ಅವರು ಬಾಗಿಲಲ್ಲಿ ಬಂದು, "ಏನ್ರಿ ಸರ್, ಬಸ್ ಸ್ಟ್ಯಾಂಡ್ ಮಾಡೀರಲ್ಲ," ಎಂದರೆ ನಮ್ಮ ಸರ್, "ಹೌದ್ರಿ, ನೀವೂ ಹತ್ತ್ರಿ," ಎನ್ನುತ್ತಿದ್ದರು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೆ ನಾಚಿಕೆಯಿರಲಿಲ್ಲ. "ಗೊತ್ತಿಲ್ಲ. ನಾಳಿ ನೋಡಿ ಹೇಳ್ತೀನಿ." ಈ ಮಾತನ್ನು ಎಷ್ಟೋ ಮಂದಿ ಹೇಳುತ್ತಾರೆ. ಅವರು ನಿಜಕ್ಕೂ ನೋಡಿ ಬರುತ್ತಿದ್ದರು. ಕೆಲವು ಸಲ ಆ 'ನಾಳೆ' ತಿಂಗಳು ಕಳೆದು ಬರುತ್ತಿತ್ತು. ನಾವು ಪ್ರಶ್ನೆ ಮರೆತಿರುತ್ತಿದ್ದೆವು, ಅವರು ಮರೆತಿರುತ್ತಿರಲಿಲ್ಲ.

ನರಮಂಡಲದ ಪಾಠ ಬಂದಾಗ ಅವರು ನಮ್ಮನ್ನು ಒಂದು ಭಾನುವಾರ ನೌಬಾದಕ್ಕೆ ಕರೆದರು. ಅಲ್ಲಿ ಬಹಮನಿ ಕಾಲದ ಕರೇಜ್ ಇದೆ. ಕರೇಜ್ ಎಂದರೆ ನೆಲದೊಳಗೆ ಕೊರೆದ ಉದ್ದನೆಯ ನೀರಿನ ಸುರಂಗ. ಮೇಲೆ ನಿಂತರೆ ಸುರಂಗ ಕಾಣುವುದಿಲ್ಲ. ಅದರ ಮೇಲೆ ಅಲ್ಲಲ್ಲಿ ತೋಡಿದ ಬಾವಿಗಳ ಬಾಯಿಗಳು ಮಾತ್ರ ಸಾಲಾಗಿ ಕಾಣುತ್ತವೆ. ಸುರಂಗದ ಕೊನೆಯಲ್ಲಿ ನೀರು ಹೊರಗೆ ಬರುವ ಜಾಗವಿದೆ. ಆಗಷ್ಟೇ ಹೂಳು ತೆಗೆದಿದ್ದರು, ಮಳೆಗಾಲವೂ ಆಗ ಮುಗಿದಿತ್ತು, ನೀರು ಸಣ್ಣಗೆ ಹರಿಯುತ್ತಿತ್ತು.

ಸರ್ ಒಂದು ಬಾವಿಯ ಕಟ್ಟೆಯ ಪಕ್ಕ ನಿಂತು ಹೇಳಿದರು. "ಇದು ಒಂದ್ ನರಕೋಶ ಅಂತ ತಿಳ್ಕೋರಿ. ಬಗ್ಗಿ ನೋಡಿದ್ರ ಇದೊಂದರ ಸುದ್ದಿ ಬರಾಬರ್ ಕಾಣ್ತದ, ಮುಂದ ನೀರು ಎಲ್ಲಿ ಹೋಯ್ತು ಗೊತ್ತಾಗಲ್ಲ. ಅಲ್ಲಿ ಕೊನೀಗಿ ನಿಂತವರಿಗಿ ನೀರೆಲ್ಲಾ ಕಾಣ್ತದ, ಆದ್ರ ಯಾ ಬಾವೀದು ಅಂತ ತಿಳಿಯಲ್ಲ. ಅದಕ್ಕ ಎರಡೂ ಕಡಿ ಮಂದಿ ನಿಂದ್ರಬೇಕು."

ಹೀಗೆ ಎರಡು ಗುಂಪಾಯಿತು. ಸರ್ ಮತ್ತು ಕೆಲವರು ಬಾವಿಯಲ್ಲಿ ಚೆಂಡು ಹೂವಿನ ಎಸಳು ಹಾಕಿ ಹೊತ್ತು ಬರೆದುಕೊಳ್ಳಬೇಕು. ನಾವು ಕೆಲವರು ಕೊನೆಯಲ್ಲಿ ನಿಂತು ಎಸಳು ಹೊರಬಂದ ಹೊತ್ತು ಬರೆದುಕೊಳ್ಳಬೇಕು. ನಮ್ಮ ಹತ್ತಿರ ಪ್ರಯೋಗಾಲಯದ ಗಡಿಯಾರ, ಸರ್ ಹತ್ತಿರ ಅವರ ಕೈಗಡಿಯಾರ. ಎಸಳು ಬಂತು, ನಾವು ಕೂಗಾಡಿದೆವು, ಬರೆದುಕೊಂಡೆವು. ಬೇವಿನ ಮರದ ಕೆಳಗೆ ಎರಡೂ ಗುಂಪಿನ ಹೊತ್ತು ಜೋಡಿಸಿ ನೋಡಿದರೆ, ಹೂವು ಬಾವಿಗೆ ಬೀಳುವುದಕ್ಕಿಂತ ಮೊದಲೇ ಹೊರಗೆ ಬಂದಿತ್ತು.

ಆ ಸಿಪ್ಪೆ ಗಿಟ್ಟಿಸಿದ ಹುಡುಗ, "ಸರ್, ಬಹಮನಿ ಕಾಲದ ನೀರ್ರಿ, ಹಿಂದಕ್ಕ ಹರೀಲತ್ತದ," ಎಂದ.

ಸರ್ ತಮ್ಮ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು. ಆಮೇಲೆ ನಮ್ಮನ್ನೆಲ್ಲ ಹತ್ತಿರದಲ್ಲೇ ಇದ್ದ ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿಯನ್ನು ನಾವು ಅಮ್ಮಾರು ಎನ್ನುತ್ತಿದ್ದೆವು. ಗಡಿಯಾರದ ಸುದ್ದಿ ಕೇಳಿ ಅಮ್ಮಾರು ಚಹಾ ಸೋಸುತ್ತ, ತಿರುಗಿ ನೋಡದೆಯೇ ಹೇಳಿದರು. "ಅದು ನಾನೇ ಮುಂದ ಇಟ್ಟೀನಿ. ಇಲ್ಲಂದ್ರ ನಿಮಗ ಭಾಲ್ಕಿ ಬಸ್ ಸಿಗ್ತಿತ್ತೇನು?"

"ಎಷ್ಟು ಮುಂದ?"

"ಅದು ಹೇಳಿದ್ರ ನೀವು ಕಳದು ನೋಡ್ತೀರಿ. ಮತ್ತ ಬಸ್ ತಪ್ತದ."

ಸರ್ ಜೇಬಿಗೆ ಕೈ ಹಾಕಿ ಅವರ ಮುಂದೆ ಒಂದು ಶೇಂಗಾ ಇಟ್ಟರು. ನಮ್ಮ ಕಡೆ ತಿರುಗಿ, "ಎರಡು ಕಡಿ ನಿಂತು ನೋಡೋರು ಮೊದಲ ಗಡಿಯಾರ ಕೂಡಿಸ್ಕೋಬೇಕು. ಇದು ಪುಸ್ತಕದಾಗ ಇಲ್ಲ, ಬರ್ಕೋರಿ," ಎಂದರು. ಮುಂದಿನ ಭಾನುವಾರ ಮತ್ತೆ ಹೂವು ಹಾಕಿದೆವು. ಅವರ ಕೈಗಡಿಯಾರ ಮಾತ್ರ ಹಾಗೆಯೇ ಮುಂದೆ ಓಡುತ್ತಿತ್ತು. ಅದನ್ನವರು ಸರಿಪಡಿಸಲಿಲ್ಲ.

ಆ ಭಾನುವಾರವೇ ನನ್ನನ್ನು ಹೈದರಾಬಾದಿನ ಪ್ರಯೋಗಾಲಯಕ್ಕೆ ತಂದಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಡುವೆ ಪದವಿ, ಎಂ.ಎಸ್ಸಿ., ಪ್ರವೇಶ ಪರೀಕ್ಷೆ ಎಲ್ಲ ಇದ್ದವು. ಆದರೆ ಪಿಎಚ್.ಡಿ.ಗೆ ಯಾವ ವಿಷಯ ಎಂದು ಕೇಳಿದಾಗ ನಾನು ಹೆಚ್ಚು ಯೋಚಿಸದೆ ಆರಿಸಿಕೊಂಡದ್ದು ಎರಡು ಕಡೆ ನಿಂತು ನೋಡುವ ಕೆಲಸವನ್ನೇ.

ಕೆಲಸ ಇಷ್ಟು. ಇಲಿಯ ತಲೆಬುರುಡೆಯಲ್ಲಿ ಕೂದಲೆಳೆಯಂಥ ಗಾಜಿನ ಎಳೆಯೊಂದನ್ನು ಇಳಿಸಿರುತ್ತೇವೆ. ಅದರ ತುದಿಯ ಬಳಿ ಇರುವ ಕೆಲವೇ ನರಕೋಶಗಳು ಕೆಲಸ ಮಾಡಿದಾಗ ಮಿನುಗುವಂತೆ ಮೊದಲೇ ಮಾಡಿರುತ್ತೇವೆ. ಆ ಮಿನುಗು ಎಳೆಯ ಮೂಲಕ ನಮಗೆ ಕಾಣುತ್ತದೆ. ಅದೇ ಹೊತ್ತಿಗೆ ಇಲಿ ಎಂಆರ್‌ಐ ಯಂತ್ರದೊಳಗೆ ಇರುತ್ತದೆ. ಆ ಯಂತ್ರಕ್ಕೆ ಒಂದೊಂದೇ ನರಕೋಶ ಕಾಣುವುದಿಲ್ಲ. ಮಿದುಳಿನ ಯಾವ ಯಾವ ಭಾಗಕ್ಕೆ ರಕ್ತ ಹೆಚ್ಚು ಹೋಯಿತು, ಯಾವ ಭಾಗಗಳು ಒಟ್ಟಿಗೆ ಎದ್ದು ಒಟ್ಟಿಗೆ ಇಳಿದವು ಎಂಬುದು ಕಾಣುತ್ತದೆ. ಹಾಗೆ ಜೊತೆಗೂಡಿ ಏಳುವ ಭಾಗಗಳನ್ನು ನಾವು ಜಾಲ ಎನ್ನುತ್ತೇವೆ. ಎಳೆ ಎಂದರೆ ಬಾವಿಯ ಕಟ್ಟೆ, ಯಂತ್ರ ಎಂದರೆ ಸುರಂಗದ ಕೊನೆ. ನರಕೋಶ ಮಿನುಗಿದ ಮೇಲೆ ರಕ್ತ ಬರಲು ಕೆಲವು ಕ್ಷಣ ಹಿಡಿಯುತ್ತದೆ, ಹೂವಿಗೆ ಹಿಡಿದ ಹಾಗೆ. ಪ್ರತಿದಿನ ನಾನು ಮೊದಲು ಮಾಡುವ ಕೆಲಸ ಎರಡೂ ಯಂತ್ರಗಳ ಗಡಿಯಾರ ಕೂಡಿಸುವುದು. ಯಾಕಿಷ್ಟು ಪರೀಕ್ಷೆ ಮಾಡುತ್ತೀ ಎಂದು ಜೊತೆಯವರು ಕೇಳಿದರೆ ಅಮ್ಮಾರ ಕಥೆ ಹೇಳುವುದಿಲ್ಲ, ನಗುತ್ತೇನೆ.

ಗಡಿಯಾರ ಕೂಡಿತ್ತು, ಆದರೆ ಉತ್ತರ ಕೂಡಲಿಲ್ಲ. ನನ್ನ ನರಕೋಶಗಳು ಮಿನುಗಿದಾಗ ಒಂದು ನಿರ್ದಿಷ್ಟ ಜಾಲ ಏಳಬೇಕು ಎಂದು ನಾನು ಎಣಿಸಿದ್ದೆ. ಕೆಲವು ಸಲ ಏಳುತ್ತಿತ್ತು. ಕೆಲವು ಸಲ ಇವು ಮಿನುಗಿದರೂ ಅದು ಏಳುತ್ತಿರಲಿಲ್ಲ, ಬೇರೆ ಕೆಲವು ಸಲ ಇವು ಸುಮ್ಮನಿದ್ದಾಗಲೇ ಮಿದುಳಿನ ಅರ್ಧ ಎದ್ದು ಕೂತಿರುತ್ತಿತ್ತು. ಹೊಂದಿದ ದಾಖಲೆಗಳನ್ನು ಒಂದು ಕಡೆ ಇಟ್ಟೆ. ಹೊಂದದವನ್ನು ಇನ್ನೊಂದು ಕಡೆ ಹಾಕಿ 'ಕೆಟ್ಟವು' ಎಂದು ಹೆಸರಿಟ್ಟೆ. ಮೂರನೆಯ ವರ್ಷ ಮುಗಿಯುವಷ್ಟರಲ್ಲಿ ಕೆಟ್ಟವೇ ಹೆಚ್ಚಾಗಿದ್ದವು. ನನ್ನ ಕೈ ಸರಿಯಿಲ್ಲ, ಈ ಕೆಲಸಕ್ಕೆ ನಾನು ತಕ್ಕವಳಲ್ಲ ಎಂದು ತೀರ್ಮಾನಿಸಿ ಭಾಲ್ಕಿಗೆ ಬಂದೆ. ಮನೆಯಲ್ಲಿ ರಜೆ ಎಂದು ಹೇಳಿದೆ.

ಸರ್ ನಿವೃತ್ತಿಗೆ ಆಗ ಕೆಲವೇ ದಿನಗಳಿದ್ದವು. ಅವರ ಜಾಗಕ್ಕೆ ಯಾರೂ ಸಿಕ್ಕಿರಲಿಲ್ಲ. ಸಿಗದಿದ್ದರೆ ವಿಜ್ಞಾನ ವಿಭಾಗವನ್ನೇ ಮುಚ್ಚುವುದಾಗಿ ಆಡಳಿತ ಮಂಡಳಿ ಹೇಳಿತ್ತು. ಮುಚ್ಚಿದರೆ ಓದುವವರು ಬೀದರಕ್ಕೆ ಹೋಗಬೇಕು. ಸುತ್ತಲಿನ ಹಳ್ಳಿಗಳಿಂದ ಭಾಲ್ಕಿಯವರೆಗೆ ಬರುವ ಹುಡುಗಿಯರನ್ನು ಬೀದರದವರೆಗೆ ಕಳಿಸುವ ಮನೆಗಳು ಕಡಿಮೆ. ನಾನು ಬಂದ ಸುದ್ದಿ ತಿಳಿದು ಸರ್ ಮಂಡಳಿಗೆ ನನ್ನ ಹೆಸರು ಕೊಟ್ಟರು. ಮಂಡಳಿಯವರು ಮನೆಗೇ ಬಂದು ಕೇಳಿದರು.

ಅವ್ವನಿಗೆ ಬಹಳ ಖುಷಿಯಾಯಿತು. "ಅಲ್ಲಿ ಕುಂತು ಇಲೀ ತಲಿ ನೋಡೋದಕ್ಕಿಂತ ಇಲ್ಲಿ ಹುಡುಗ್ಯಾರ ತಲಿ ನೋಡು. ಮನೀ ರೊಟ್ಟೀನೂ ಸಿಗ್ತದ," ಎಂದಳು. ನನಗೂ ಅದು ಸರಿಯೆನಿಸಿತು. ಸೋತು ಬಂದೆ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಒಂದು ಒಳ್ಳೆಯ ಕೆಲಸಕ್ಕಾಗಿ ಬಂದೆ ಎಂದರೆ ಸಾಕಿತ್ತು. ಸರ್ ಅವರ ಬೀಳ್ಕೊಡುಗೆಯ ದಿನ ಉತ್ತರ ಹೇಳುತ್ತೇನೆ ಎಂದು ಮಂಡಳಿಯವರಿಗೆ ತಿಳಿಸಿದೆ. ಮನಸ್ಸಿನಲ್ಲಿ ಹೂಂ ಎಂದಾಗಿತ್ತು.

ಅದಕ್ಕೆ ಎರಡು ದಿನ ಮೊದಲು ಸರ್ ಫೋನ್ ಮಾಡಿದರು. "ನಾಳಿ ನಂದು ಕಡೀ ಕ್ಲಾಸ್ ಅದ ತಂಗಿ. ನೀ ತಗೋ. ನಿನ್ನ ಕೆಲಸ ಏನು ಅಂತ ಮಕ್ಕಳಿಗಿ ಹೇಳು. ಹೋಲಿಕಿ ಹಾಕೇ ಹೇಳು, ಮುರೀಲಿ."

"ಸರ್, ನನಗ ಮಾತಾಡ್ಲಾಕ..."

"ನನಗ ಗೊತ್ತದ. ನಾ ಹಿಂದ ಕುಂತಿರ್ತೀನಿ."

ಅವರು ನಿಜಕ್ಕೂ ಕಡೆಯ ಬೆಂಚಿನಲ್ಲಿ, ಉದ್ದನೆಯ ಕಾಲುಗಳನ್ನು ಹೇಗೋ ಮಡಿಸಿಕೊಂಡು ಕೂತರು. ನಾನು ಬೋರ್ಡಿನ ಮೇಲೆ ಕರೇಜ್ ಬರೆದೆ. ಬಾವಿ, ಬಾವಿಯಲ್ಲಿ ಹೂವು, ಸುರಂಗ, ಕೊನೆ. ಚಿತ್ರವೇ ನನ್ನನ್ನು ಎಳೆದುಕೊಂಡು ಹೋಯಿತು. ಎಳೆ, ಮಿನುಗು, ಯಂತ್ರ, ರಕ್ತ ಎಲ್ಲ ಹೇಳಿದೆ. ಹೊಂದದ ಕೆಟ್ಟ ದಾಖಲೆಗಳನ್ನು ತೆಗೆದಿಟ್ಟು ಒಳ್ಳೆಯವನ್ನು ಮಾತ್ರ ನೋಡುತ್ತೇವೆ ಎಂದೂ ಹೇಳಿದೆ. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು ಕೇಳಿದೆ. "ಎಲ್ಲಿ ಮುರೀತದ?"

ಒಬ್ಬ ಹುಡುಗ ಕೂಡಲೇ ಎದ್ದ. "ಮೇಡಂ, ಕರೇಜ್ ಒಮ್ಮಿ ಅಗದ್ರ ಮುಗೀತು. ಮಿದುಳಿನ್ಯಾಗ ದಾರಿ ಹಂಗೇ ಇರ್ತದೇನ್ರಿ?"

ಒಳ್ಳೆಯ ಪ್ರಶ್ನೆ. ಎಚ್ಚರವಿದ್ದಾಗ ಒಂದು ದಾರಿ, ತೂಕಡಿಕೆಯಲ್ಲಿ ಇನ್ನೊಂದು ದಾರಿ ಇರಬಹುದು ಎಂದು ಪುಸ್ತಕದಲ್ಲಿ ಇದ್ದುದನ್ನು ಹೇಳಿದೆ. ಅಷ್ಟರಲ್ಲಿ ಸರ್ ಎದ್ದು ಬೆಂಚುಗಳ ನಡುವೆ ನಡೆಯತೊಡಗಿದ್ದರು. ಕಿಟಕಿಯ ಪಕ್ಕದ ಬೆಂಚಿನ ಹತ್ತಿರ ಅವರ ನಡಿಗೆ ನಿಧಾನವಾಯಿತು. ಅಲ್ಲಿ ಕೂತಿದ್ದ ಹುಡುಗಿ ತಲೆ ಎತ್ತಿರಲಿಲ್ಲ. ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಹೇಳಿದರು.

"ಈ ಕಡಿಂದ ಒಂದ್ ಉತ್ತರ ಬಂದದ. ಮೇಡಂ ಒಂದೇ ಬಾವಿಯಾಗ ಹೂ ಹಾಕ್ಯಾರ. ಅವರ ಹೂವಿಲ್ಲದ ನೀರು ಬಂದ್ರ ಅದು ಬ್ಯಾರೆ ಬಾವಿ ನೀರು ಇರಬೇಕು. ಅದಕ್ಕ ಕೆಟ್ಟ ನೀರು ಅಂತ ಯಾಕ ಅಂತಾರ?"

ನಾನು ಬೋರ್ಡಿನ ಕಡೆ ತಿರುಗಿದೆ. ಒಂದೇ ಬಾವಿಯಿಂದ ಕೊನೆಯ ಕಡೆಗೆ ನಾನೇ ಎಳೆದ ಗೆರೆ ಅಲ್ಲಿತ್ತು. ಕೊನೆಯಿಂದ ಬಾವಿಯ ಕಡೆಗೆ ಒಂದೂ ಗೆರೆ ಇರಲಿಲ್ಲ. ಇಡೀ ಮಿದುಳು ಹೀಗೆ ಎದ್ದಾಗ ನನ್ನ ನರಕೋಶಗಳು ಏನು ಮಾಡುತ್ತವೆ, ಹಾಗೆ ಎದ್ದಾಗ ಏನು ಮಾಡುತ್ತವೆ ಎಂದು ಹಿಂದಿನಿಂದ ಕೇಳಬಹುದಿತ್ತು. ಇದು ಹೊಸ ವಿಚಾರವಲ್ಲ. ನನ್ನ ಕ್ಷೇತ್ರದಲ್ಲಿ ಬೇರೆಯವರು ಕೇಳಿದ್ದಾರೆ. ನಾನು ಓದಿದ್ದೆ ಕೂಡ, ಆದರೆ ಕೇಳಿರಲಿಲ್ಲ. ಇನ್ನೊಂದು ಮಾತೂ ಆಗ ಹೊಳೆಯಿತು. ಇಲಿ ಎಚ್ಚರವಿದೆಯೋ ತೂಕಡಿಸುತ್ತಿದೆಯೋ ಎಂದು ತಿಳಿಯಲು ಅದರ ಕಣ್ಣಿನ ಮೇಲೆ ಒಂದು ಕ್ಯಾಮೆರಾ ಇರುತ್ತದೆ. ಕೆಟ್ಟವು ಎಂದು ಬದಿಗಿಟ್ಟವುಗಳಲ್ಲಿ ಆ ಕಣ್ಣಿನ ಚಿತ್ರಗಳನ್ನು ನಾನು ತೆರೆದೇ ಇರಲಿಲ್ಲ.

ಬೋರ್ಡಿನ ಮೇಲೆ ಹಿಂದುಮುಂದಾಗಿ ಗೆರೆ ಎಳೆಯುತ್ತ, ಅಳಿಸುತ್ತ, ಮಕ್ಕಳಿಗೆ ಹೇಳುತ್ತಿದ್ದೇನೋ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೋ ತಿಳಿಯದೆ ಮಾತಾಡಿದೆ. ಗಂಟೆ ಹೊಡೆದದ್ದು ಕೇಳಿಸಲಿಲ್ಲ. ತಿರುಗಿ ನೋಡಿದಾಗ ಮಕ್ಕಳು ಚೀಲ ಹೆಗಲಿಗೇರಿಸಿ ಕಾಯುತ್ತಿದ್ದರು. ಕಿಟಕಿಯ ಪಕ್ಕದ ಹುಡುಗಿ ಶೇಂಗಾ ಸುಲಿಯುತ್ತಿದ್ದಳು.

ಹೊರಗೆ ನಲ್ಲಿಯ ಹತ್ತಿರ ಸರ್ ನನಗಾಗಿ ನಿಂತಿದ್ದರು. ನನ್ನ ಕೈಯ ಸೀಮೆಸುಣ್ಣ ನೋಡಿ ನಲ್ಲಿ ತಿರುಗಿಸಿದರು.

"ನಿನ್ನ ಹೆಸರು ವಾಪಸ್ ತಗೋತೀನಿ ತಂಗಿ. ಮಂಡಳಿಗಿ ಇವತ್ತೇ ಹೇಳ್ತೀನಿ."

"ಯಾಕ್ರಿ ಸರ್? ಕ್ಲಾಸ್ ಚಲೋ ಆಗಲಿಲ್ಲೇನ್ರಿ?"

"ಭಾಳ ಚಲೋ ಆಯ್ತು. ಆದ್ರ ಆ ಹುಡುಗಿ ಉತ್ತರ ಬಂದಾಗ ನೀ ಆಕಿ ಕಡಿ ನೋಡಲಿಲ್ಲ, ಬೋರ್ಡ್ ಕಡಿ ನೋಡ್ದಿ. ಕಲಿಸೋ ಮಂದಿ ಹುಡುಗಿ ಕಡಿ ನೋಡ್ತಾರ. ನಿನಗ ಇನ್ನೂ ಬೋರ್ಡಿನ ಮ್ಯಾಲ ಕೆಲಸ ಅದ."

ನಾನು ಕೈ ತೊಳೆದುಕೊಂಡೆ. ಅವರು ಕರವಸ್ತ್ರದಲ್ಲಿ ತಮ್ಮ ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

"ತಪ್ಪೇನಿಲ್ಲ. ಮುಂದ ಯಾವಾಗರೆ ಹುಡುಗಿ ಕಡಿ ನೋಡಬೇಕನ್ನಿಸಿದ್ರ ಬಾ."

"ಮತ್ತ ಈ ಮಕ್ಕಳು, ಸರ್? ವಿಭಾಗ ಮುಚ್ಚಿದ್ರ?"

"ಅದು ನನ್ನ ಮ್ಯಾಲ ಬಿಡು. ಬಸ್ ಬರೋ ಹೊತ್ತಾಯ್ತು." ಗಡಿಯಾರ ನೋಡಿಕೊಂಡು ಹೊರಟರು. ಬಸ್ಸಿಗೆ ಇನ್ನೂ ಹೊತ್ತಿತ್ತು.

ಮರುದಿನ ಬೀಳ್ಕೊಡುಗೆಯಲ್ಲಿ ಗಣಿತದ ಸರ್ ಉದ್ದನೆಯ ಭಾಷಣ ಮಾಡಿ, ನಮ್ಮ ಸರ್ ಅವರನ್ನು ಆಲದ ಮರಕ್ಕೆ ಹೋಲಿಸಿದರು. ಸಭೆಯ ಹಿಂದಿನಿಂದ ಯಾರೋ, "ಎಲ್ಲಿ ಮುರೀತದ್ರಿ?" ಎಂದು ಕೂಗಿದರು. ಸರ್ ಮೈಕು ತೆಗೆದುಕೊಂಡು, "ಆಲದ ಮರ ಬಸ್ ಹಿಡಿಯಲ್ಲ," ಎಂದಷ್ಟೇ ಹೇಳಿ ಕೂತರು. ಅವರ ಭಾಷಣ ಅಷ್ಟೇ. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಮೂರನೆಯ ದಿನ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟು ಹೈದರಾಬಾದಿನ ಬಸ್ಸಿಗೆ ಹತ್ತಿಸಿದಳು.

ಕೆಲವು ವಾರ ಕಳೆದು ನೌಬಾದದ ಮನೆಗೆ ಫೋನ್ ಮಾಡಿದೆ. ಅಮ್ಮಾರು ಎತ್ತಿದರು.

"ನಿಮ್ಮ ಸರ್ ಮನ್ಯಾಗಿಲ್ಲವ್ವಾ. ಭಾಲ್ಕಿ ಬಸ್ ಹತ್ಯಾರ."

"ಯಾಕ್ರಿ ಅಮ್ಮಾರ? ರಿಟೈರ್ ಆಗ್ಯಾರಲ್ಲ್ರಿ?"

"ಯಾರು ಹೇಳ್ಯಾರ? ಹೊಸಬರು ಸಿಗೋತನಾ ನಾನೇ ಬರ್ತೀನಿ ಅಂತ ಮಂಡಳಿಗಿ ಮಾತು ಕೊಟ್ಟು ಬಂದಾರ. ನಾ ಇಲ್ಲಿ ಊರಿಗಿ ಹೋಗ್ಲಾಕಂತ ಪಾತ್ರಿ ಎಲ್ಲಾ ಚೀಲದಾಗ ಕಟ್ಟಿ ಕುಂತಿದ್ದೆ. ಈಗ ಒಂದೊಂದೇ ಹೊರಗ ತಗೀಲತ್ತೀನಿ. ಮೊನ್ನಿ ಕುಕ್ಕರ್ ಬಂತು. ಗಡಿಯಾರಾನೂ ಮತ್ತ ಮುಂದ ಇಟ್ಟೀನಿ."

ಅಮ್ಮಾರು ನಗುತ್ತಲೇ ಹೇಳಿದರು. ನನಗೆ ಮಾತ್ರ ಅವತ್ತು ಕೆಲಸ ಸಾಗಲಿಲ್ಲ. ಸರ್ ಅವರ ತಮ್ಮನ ಮನೆ ಔರಾದ ಕಡೆ. ಕುರಿ ಸಾಕಿದ ಮನೆತನ. ನಿವೃತ್ತಿಯಾದ ಮರುದಿನ ಊರಿಗೆ ಹೋಗಿ ಹಿಂಡಿನ ಹಿಂದೆ ನಡೆಯಬೇಕು ಎಂಬುದು ಅವರ ಬಹಳ ವರ್ಷದ ಆಸೆ. ಪಾಠದ ನಡುವೆ ಎಷ್ಟೋ ಸಲ ಹೇಳಿದ್ದರು. ಸಂಜೆ ಅವರೇ ಫೋನ್ ಮಾಡಿದಾಗ ನಾನು ಹೇಗೋ ಮಾತು ತೆಗೆದೆ. "ಸರ್, ನನ್ನ ಸಲುವಾಗಿ ನೀವು..."

"ನಿನ್ನ ಸಲುವಾಗಿ ಏನಿಲ್ಲ. ಕುರಿ ಎಲ್ಲೂ ಓಡಿ ಹೋಗಲ್ಲ." ಆ ಮಾತನ್ನು ತಾವೇ ಮುರಿದರು. "ಹೋಗ್ತಾವ, ಖರೆ. ಆದ್ರ ತಮ್ಮ ಹಾನ, ತರುಬ್ತಾನ. ಕಣ್ಣಿನ ಚಿತ್ರ ನೋಡ್ದೇನು?"

ನೋಡಿದ್ದೆ. ಕೆಟ್ಟವು ಎಂದು ಬದಿಗಿಟ್ಟವುಗಳಲ್ಲಿ ಬಹಳಷ್ಟು ಇಲಿ ತೂಕಡಿಸುತ್ತಿದ್ದ ಹೊತ್ತಿನವು. ಎಚ್ಚರವಿದ್ದಾಗ ಒಂದು ಜಾಲದ ಜೊತೆ ಏಳುವ ಅದೇ ನರಕೋಶಗಳು ತೂಕಡಿಕೆಯಲ್ಲಿ ಅದನ್ನು ಬಿಟ್ಟು ಇನ್ನೊಂದರ ಜೊತೆ ಸೇರುತ್ತಿದ್ದವು. ಎಲ್ಲಕ್ಕೂ ಉತ್ತರ ಸಿಗಲಿಲ್ಲ, ಕೆಲವು ಇವತ್ತಿಗೂ ಯಾವ ಗುಂಪಿಗೂ ಸೇರದೆ ಉಳಿದಿವೆ. ಆದರೆ ಎಸೆಯಬೇಕಾದವು ಎಂದುಕೊಂಡದ್ದರಿಂದಲೇ ನನ್ನ ಪ್ರಬಂಧದ ಒಂದು ಅಧ್ಯಾಯ ಎದ್ದು ನಿಂತಿತು. ಗುಂಪಿನ ಹೆಸರನ್ನು 'ಬೇರೆ ಬಾವಿ' ಎಂದು ಬದಲಿಸಿದೆ. ನನ್ನ ತೆಲುಗು ಮಾರ್ಗದರ್ಶಕರು ಅದರ ಅರ್ಥ ಕೇಳಿದರು. ಹೇಳಿದೆ. ಅವರು ತಲೆಯಾಡಿಸಿ, ಹಾಗೇ ಇರಲಿ ಎಂದರು.

ವರ್ಷ ತುಂಬುವಷ್ಟರಲ್ಲಿ ಔರಾದ ಕಡೆಯ ಒಬ್ಬ ಹೆಣ್ಣುಮಗಳು ಎಂ.ಎಸ್ಸಿ. ಮುಗಿಸಿ ಆ ಜಾಗಕ್ಕೆ ಬಂದಳು. ವಿಭಾಗ ಉಳಿಯಿತು. ಕಿಟಕಿಯ ಪಕ್ಕದ ಹುಡುಗಿ ಈಗ ಪದವಿ ಓದುತ್ತಿದ್ದಾಳೆ. ಹೊಸ ಮೇಡಂ ಹುಡುಗಿಯರ ಕಡೆ ನೋಡುತ್ತಾರೆಯೇ ಎಂದು ಕೇಳಿದ್ದಕ್ಕೆ ಸರ್, "ಬೋರ್ಡ್ ಕಡಿ ನೋಡೋದೇ ಕಮ್ಮಿ. ಅಕ್ಷರ ಡೊಂಕ ಬರ್ತಾವ," ಎಂದು ಬಹಳ ಸಮಾಧಾನದಿಂದ ಹೇಳಿದರು.

ಕಳೆದ ತಿಂಗಳು ಅವರ ಹಳ್ಳಿಗೆ ಹೋಗಿದ್ದೆ. ಔರಾದದಲ್ಲಿ ಬಸ್ಸು ಇಳಿದು ಟಂಟಂ ಆಟೋ ಹಿಡಿದು ಹೋಗಬೇಕು. ಊರಾಚೆಯ ಕೆಂಪು ಬಯಲಿನಲ್ಲಿ ಹಿಂಡು ಮೇಯುತ್ತಿತ್ತು. ನಡುವೆ ಬೂದಿ ಬಣ್ಣದ ಅದೇ ಅಂಗಿ, ಕೆಳಗೆ ಧೋತರ, ತಲೆಗೆ ವಸ್ತ್ರ. ಕೈಗಡಿಯಾರ ಇರಲಿಲ್ಲ. ದಿಬ್ಬದ ಮೇಲೆ ಕಲ್ಲಿನ ಮೇಲೆ ಅಮ್ಮಾರು ಕೂತು ಕೂಗುತ್ತಿದ್ದರು. "ಎಡಕ್ಕ ನೋಡ್ರಿ, ಎಡಕ್ಕ! ಹಿಂಡು ತೊಗರಿ ಹೊಲಕ್ಕ ಹೊಂಟದ. ಅದೊಂದ್ ಮರಿ ಹಿಡ್ಕೊಂಡು ಏನ್ ಪಾಠ ಹೇಳ್ಲತ್ತೀರಿ?"

ಸರ್ ಕುಂಟುತ್ತಿದ್ದ ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದರು. ಅದನ್ನು ಬಿಟ್ಟು ಎಡಕ್ಕೆ ಓಡಿದರು. ಹಿಂಡನ್ನು ತಿರುಗಿಸಿ, ಏದುಸಿರು ಬಿಡುತ್ತ ನನ್ನ ಹತ್ತಿರ ಬಂದರು. ನನಗೆ ತಡೆಯಲಾಗಲಿಲ್ಲ.

"ಸರ್, ಇದೇ ನನ್ನ ಕೆಲಸ್ರಿ. ನೀವು ನಡುವ ನಿಂತು ಒಂದೊಂದೇ ಕುರಿ ನೋಡ್ತೀರಿ, ಅಮ್ಮಾರು ಮ್ಯಾಲ ಕುಂತು ಪೂರಾ ಹಿಂಡು ನೋಡ್ತಾರ. ಇಬ್ಬರೂ ಒಂದೇ ಹೊತ್ತಿಗಿ."

ಸರ್ ತಲೆಯ ವಸ್ತ್ರ ಬಿಚ್ಚಿ ಬೆವರು ಒರೆಸಿಕೊಂಡರು. ಯೋಚಿಸುವುದು ಅವರ ಮುಖದಲ್ಲಿ ಕಾಣುತ್ತಿತ್ತು.

"ಮುರೀತದ," ಎಂದರು. "ನಾ ಹಿಂಡಿನೊಳಗ ಬಂದು ನಿಂತ್ರ ಕುರಿ ನನ್ನ ನೋಡಿ ಸರೀತಾವ. ಈಕಿ ದಿಬ್ಬದ ಮ್ಯಾಲಿಂದ ನೋಡೋದು ನಾ ಬಂದ ಮ್ಯಾಲಿನ ಹಿಂಡು. ನಾ ಬರದಿದ್ರ ಹಿಂಡು ಹ್ಯಾಂಗ ಹೋಗ್ತಿತ್ತು? ನಿನ್ನ ಗಾಜಿನ ಎಳಿ ಒಳಗ ಹೋದ ಮ್ಯಾಲ ಮಿದುಳು ಮೊದಲಿನಂಗೇ ಇರ್ತದೇನು?"

ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರಗಳಿವೆ. ಅವುಗಳಲ್ಲಿ ಒಂದನ್ನು ಹೇಳಲು ಬಾಯಿ ತೆರೆದೆ. ಬಯಲಿನಲ್ಲಿ ಸರ್ ಓಡಿದ ಜಾಗದಲ್ಲಿ ಹಿಂಡು ಇನ್ನೂ ಎರಡು ಭಾಗವಾಗಿ ನಿಂತಿತ್ತು. ಬಾಯಿ ಮುಚ್ಚಿದೆ.

"ಗೊತ್ತಿಲ್ರಿ ಸರ್. ನಾಳಿ ನೋಡಿ ಹೇಳ್ತೀನಿ."

ಅವರ ಕಣ್ಣುಗಳು ಸಣ್ಣಗಾದವು. ನಗುವ ಮೊದಲು ಹಾಗಾಗುತ್ತದೆ. ನಾನು ಚೀಲದಿಂದ ಅವ್ವ ಹುರಿದು ಕೊಟ್ಟಿದ್ದ ಪೊಟ್ಟಣ ತೆಗೆದು ಒಂದು ಶೇಂಗಾ ಅವರ ಅಂಗೈಯಲ್ಲಿಟ್ಟೆ. ಸರ್ ಸಿಪ್ಪೆ ಒಡೆದು, ಕಾಳು ಬಾಯಿಗೆ ಹಾಕಿಕೊಂಡು, ಪರೀಕ್ಷೆ ಮಾಡುವವರಂತೆ ನಿಧಾನವಾಗಿ ಅಗಿದರು.

"ಜರಾ ಹಸಿ ಉಳದದ," ಎಂದರು. ಮತ್ತೆ ಕೈ ಚಾಚಿದರು.